ನದೀಮೂಲವನ್ನು ಹುಡುಕೋಣ

ಋಷಿಮೂಲವನ್ನೂ ನದೀಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳುವುದುಂಟು. ಋಷಿಗಳ ವಿಷಯದಲ್ಲಿ ಆ ಮಾತು ಹಾಗೆಯೇ ಇರಲಿ. ನದಿಯ ವಿಷಯದಲ್ಲಿ ಮಾತ್ರ, ನಗರದಲ್ಲಿ ಬೆಳೆಯುವ ವಿದ್ಯಾರ್ಥಿಗಳು ಹಿರಿಯರ ಮಾತನ್ನು ಸ್ವಲ್ಪ ಮೀರಬೇಕೆಂದು ನನ್ನ ಅಭಿಪ್ರಾಯ. ಹಳ್ಳಿಯ ಹುಡುಗನಿಗೆ ತಾನು ಕುಡಿಯುವ ನೀರು ಎಲ್ಲಿಯದೆಂದು ಯಾರೂ ಕಲಿಸಬೇಕಾಗಿಲ್ಲ. ಬಾವಿಯು ಅವನ ಕಣ್ಣೆದುರಿಗೇ ಇರುತ್ತದೆ. ಬೇಸಗೆಯಲ್ಲಿ ಅದರ ಹಗ್ಗಕ್ಕೆ ಇನ್ನೆಷ್ಟು ಮೊಳ ಕೂಡಿಸಬೇಕೆಂಬುದೂ ಅವನಿಗೆ ತಿಳಿದಿರುತ್ತದೆ. ನಾಗಪುರದ ನಮ್ಮ ತರಗತಿಯಲ್ಲಿ ಅದೇ ಪ್ರಶ್ನೆಯನ್ನು ಕೇಳಿದರೆ, 'ನಳದಿಂದ ಬರುತ್ತದೆ' ಎಂಬ ಉತ್ತರ ಸಿಗುತ್ತದೆ. ನಳಕ್ಕೆ ಎಲ್ಲಿಂದ? 'ಟಾಕಿಯಿಂದ.' ಟಾಕಿಗೆ ಎಲ್ಲಿಂದ? ಇಲ್ಲಿಗೆ ತರಗತಿಯು ಮೌನವಾಗುತ್ತದೆ.

ಆದುದರಿಂದ ವಿದ್ಯಾರ್ಥಿ ಮಿತ್ರರೆ, ಈ ಪಾಠದಲ್ಲಿ ನಾವು ನೀರಿನ ಹಾದಿಯನ್ನು ಹಿಮ್ಮುಖವಾಗಿ ಹಿಡಿದು ನಡೆಯೋಣ. ಮಹಾರಾಷ್ಟ್ರ ಮತ್ತು ಮಧ್ಯಪ್ರದೇಶಗಳೆರಡೂ ಕಾಣುವಂಥ ಒಂದು ಭೂಪಟವನ್ನು ಮುಂದೆ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಒಂದು ಕಾಲಕ್ಕೆ ಈ ನಗರದ ನೀರು ನಗರದ ಅಂಚಿನಲ್ಲಿಯೇ ಇದ್ದಿತು. ಪಶ್ಚಿಮದ ಲಾವಾ ಗುಡ್ಡಗಳಿಂದ ಇಳಿದುಬರುವ ನಾಗನದಿಯ ನೀರನ್ನು ತಡೆದು 1870ರಲ್ಲಿ ಅಂಬಾಝರಿ ಕೆರೆಯನ್ನು ನಗರದ ನೀರಿಗಾಗಿ ಕಟ್ಟಿದರು. ಅನಂತರ 20ನೆಯ ಶತಮಾನದ ಆರಂಭದಲ್ಲಿ ವಾಯವ್ಯದ ಗೋರೇವಾಡಾ ಕೆರೆಯೂ ಸೇರಿತು. ನಗರವು ಬೆಳೆಯಿತು, ಗುಡ್ಡಗಳ ಇಳಿಜಾರಿನಲ್ಲಿ ಮನೆಗಳೂ ಕಾರಖಾನೆಗಳೂ ಎದ್ದುವು. ಇಂದು ಅಂಬಾಝರಿಯ ದಂಡೆಗೆ ನಾವು ಸಂಜೆಯ ತಿರುಗಾಟಕ್ಕೆ ಹೋಗುತ್ತೇವೆಯೇ ಹೊರತು, ಕುಡಿಯುವ ನೀರಿಗಾಗಿ ಅದನ್ನು ನೆಚ್ಚಿಕೊಂಡಿಲ್ಲ. 2023ರ ಸಪ್ಟಂಬರ 23ರ ನಸುಕಿನಲ್ಲಿ ಸುರಿದ ಭಾರಿ ಮಳೆಗೆ ಆ ಕೆರೆ ತುಂಬಿ ಹರಿದು ಮನೆ ಮನೆಗಳಿಗೆ ನುಗ್ಗಿದುದನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿರಬಹುದು. ಮೇಲಿನ ನೆಲವನ್ನು ಮರೆತ ಊರಿಗೆ ಕೆಳಗಿನ ಕೆರೆಯು ಒಮ್ಮೆ ಬತ್ತಿ ತೊಂದರೆ ಕೊಡುತ್ತದೆ, ಒಮ್ಮೆ ತುಂಬಿ ತೊಂದರೆ ಕೊಡುತ್ತದೆ.

ಈಗ ನಮ್ಮ ನೀರಿನ ಬಹುಭಾಗ ಬರುವುದು ಪೇಂಚ್ ನದಿಯಿಂದ. ಕನ್ಹಾನ್ ನದಿಯೂ ಒಂದು ಪಾಲನ್ನು ಕೊಡುತ್ತದೆ. ಗೋರೇವಾಡಾದ ಶುದ್ಧೀಕರಣ ಕೇಂದ್ರದಿಂದ ಉತ್ತರಕ್ಕೆ ಹೊರಟರೆ ದೊಡ್ಡ ಕೊಳವೆಗಳೂ ಒಂದು ಕಾಲುವೆಯೂ ನಮ್ಮನ್ನು ಸುಮಾರು 50 ಕಿಲೋಮೀಟರ್ ದೂರದ ನವೇಗಾಂವ ಖೈರಿಯ ಜಲಾಶಯಕ್ಕೆ ಕರೆದೊಯ್ಯುತ್ತವೆ. ಮೊದಲು ನೀರೆಲ್ಲ ತೆರೆದ ಕಾಲುವೆಯಲ್ಲಿಯೇ ಬರುತ್ತಿತ್ತು. ಬಿಸಿಲಿಗೆ ಆರಿ, ನೆಲಕ್ಕೆ ಇಂಗಿ, ದಾರಿಯಲ್ಲಿ ಕಳವಾಗಿ, ಹೊರಟಷ್ಟು ನೀರು ಊರನ್ನು ಮುಟ್ಟುತ್ತಿರಲಿಲ್ಲ. ಆ ಕಾರಣದಿಂದಲೇ ಕೊಳವೆ ಹಾಕಿದರು. ನವೇಗಾಂವ ಖೈರಿಯಿಂದ ಇನ್ನೂ ಮೇಲೆ ಹೋದರೆ, ಎರಡು ರಾಜ್ಯಗಳ ಎಲ್ಲೆಯ ಬಳಿಯಲ್ಲಿ ತೋತಲಾಡೋಹದ ದೊಡ್ಡ ಅಣೆಕಟ್ಟು ಎದುರಾಗುತ್ತದೆ. 1989ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಎತ್ತರ 74.5 ಮೀಟರು, ಉದ್ದ 680 ಮೀಟರು. ಗೋಡೆ ಇತ್ತ ಕಡೆಯದಾದರೂ ಅದರ ಹಿಂದೆ ನಿಂತಿರುವ ನೀರಿನ ಬಹುಭಾಗ ಮಧ್ಯಪ್ರದೇಶದ ಕಾಡಿನೊಳಗೆ ಹರಡಿದೆ. ಇನ್ನೂ ಉತ್ತರಕ್ಕೆ ನಡೆದರೆ ಛಿಂದವಾಡಾ ಜಿಲ್ಲೆಯ ಸಾತ್ಪುರ ಬೆಟ್ಟಗಳು. ಪೇಂಚ್ ಹುಟ್ಟುವುದು ಅಲ್ಲಿ.

ಅಣೆಕಟ್ಟಿನ ಸುತ್ತಲಿನ ಕಾಡು ಸಾಮಾನ್ಯವಾದುದಲ್ಲ. ಮಧ್ಯಪ್ರದೇಶದ ಭಾಗವು 1983ರಲ್ಲಿ ರಾಷ್ಟ್ರೀಯ ಉದ್ಯಾನವೂ 1992ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಮಹಾರಾಷ್ಟ್ರದ ಭಾಗವು 1975ರಲ್ಲಿ ಉದ್ಯಾನವಾಗಿ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಜನರು ಅಲ್ಲಿಗೆ ಹೋಗುವುದು ಹುಲಿಯನ್ನು ನೋಡಲು. ಹುಲಿ ಕಾಣದಿದ್ದರೆ 'ಏನೂ ಕಾಣಲಿಲ್ಲ' ಎಂದು ಬೇಸರದಿಂದ ಮರಳುತ್ತಾರೆ. ತಮ್ಮ ಮನೆಯ ಕೊಡವನ್ನು ತುಂಬುವ ನೆಲವನ್ನೇ ಮೂರು ಗಂಟೆಗಳ ಕಾಲ ಸುತ್ತಿ ಬಂದೆವೆಂಬುದು ಅವರ ಲಕ್ಷ್ಯಕ್ಕೆ ಬರುವುದಿಲ್ಲ.

ಕಾಡು ನೀರಿಗೆ ಮಾಡುವುದೇನು? ಇದನ್ನು ನೀವೇ ಮಾಡಿ ನೋಡಬಹುದು. ಎರಡು ತಗಡಿನ ತಟ್ಟೆಗಳನ್ನು ತೆಗೆದುಕೊಂಡು ಎರಡರಲ್ಲಿಯೂ ಅಂಗಳದ ಮಣ್ಣನ್ನು ತುಂಬಿರಿ. ಒಂದನ್ನು ಬರಿದಾಗಿ ಬಿಡಿರಿ. ಇನ್ನೊಂದರ ಮೇಲೆ ಒಣಗಿದ ಎಲೆ, ಹುಲ್ಲು, ಕಡ್ಡಿಗಳನ್ನು ಎರಡು ಬೆರಳು ದಪ್ಪವಾಗಿ ಹಾಸಿರಿ. ಎರಡನ್ನೂ ಓರೆಯಾಗಿ ಇಟ್ಟು, ಕೆಳಗೆ ಒಂದೊಂದು ಗಾಜಿನ ಲೋಟವನ್ನು ಇಟ್ಟು, ಮೇಲಿನಿಂದ ಗಿಡಕ್ಕೆ ನೀರುಣಿಸುವ ಝಾರಿಯಿಂದ ಒಂದೇ ಸಮನಾಗಿ ನೀರೆರೆಯಿರಿ. ಬರಿಯ ಮಣ್ಣಿನ ತಟ್ಟೆಯಿಂದ ಕೆಂಪು ನೀರು ಧಾವಿಸಿ ಬರುತ್ತದೆ ಮತ್ತು ಬೇಗನೆ ನಿಂತುಹೋಗುತ್ತದೆ. ಎಲೆ ಹಾಸಿದ ತಟ್ಟೆಯಿಂದ ನೀರು ತಡವಾಗಿ, ತಿಳಿಯಾಗಿ ತೊಟ್ಟಿಕ್ಕುತ್ತದೆ. ನೀವು ಎರೆಯುವುದನ್ನು ನಿಲ್ಲಿಸಿದ ಮೇಲೂ ಕೆಲಹೊತ್ತು ತೊಟ್ಟಿಕ್ಕುತ್ತಲೇ ಇರುತ್ತದೆ. ಸಾತ್ಪುರದ ಇಳಿಜಾರಿನಲ್ಲಿ ಪ್ರತಿವರ್ಷ ನಡೆಯುವುದೂ ಇದೇ. ನಮ್ಮ ಪ್ರದೇಶದಲ್ಲಿ ವರ್ಷದ ಮಳೆಯ ಬಹುಪಾಲು ಜೂನಿನಿಂದ ಸಪ್ಟಂಬರದವರೆಗೆ, ನಾಲ್ಕೇ ತಿಂಗಳಲ್ಲಿ ಬಂದುಹೋಗುತ್ತದೆ. ಆ ನೀರನ್ನು ಉಳಿದ ಎಂಟು ತಿಂಗಳಿಗೆ ಹಂಚುವ ಕೆಲಸದಲ್ಲಿ ಅಣೆಕಟ್ಟಿನ ಪಾಲು ನಮಗೆ ಕಾಣುತ್ತದೆ. ಮಣ್ಣಿನ ಪಾಲು ಕಾಣುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಗಿಡ ನೆಟ್ಟರೆ ನೀರು ತಾನಾಗಿ ಹೆಚ್ಚುತ್ತದೆ ಎಂದು ಭಿತ್ತಿಪತ್ರಗಳಲ್ಲಿ ಬರೆಯುವುದನ್ನು ನೀವು ನೋಡಿರಬಹುದು. ಅದು ಅರ್ಧ ಸತ್ಯ. ಗಿಡವೂ ನೀರು ಕುಡಿಯುತ್ತದೆ. ಬೇರಿನಿಂದ ಹೀರಿದ ನೀರನ್ನು ಎಲೆಯ ಮೂಲಕ ಗಾಳಿಗೆ ಬಿಡುತ್ತದೆ. ನೆಲದ ಗುಣವನ್ನು ನೋಡದೆ ಸಾಲುಸಾಲಾಗಿ ಒಂದೇ ಜಾತಿಯ ಮರಗಳನ್ನು ನೆಟ್ಟಲ್ಲಿ ಹಳ್ಳದ ನೀರು ಕಡಿಮೆಯಾದುದೂ ಉಂಟು. ಕಾಡಿನ ನಿಜವಾದ ಉಪಕಾರವೆಂದರೆ ನೀರನ್ನು ಹೆಚ್ಚಿಸುವುದಕ್ಕಿಂತಲೂ ಅದನ್ನು ತಡೆದು, ತಿಳಿಗೊಳಿಸಿ, ನಿಧಾನವಾಗಿ ಬಿಟ್ಟುಕೊಡುವುದು. ಇದರಲ್ಲಿ ಮರಕ್ಕೆ ಎಷ್ಟು ಕೆಲಸವೋ ಅದರ ಕೆಳಗಿನ ಹುಲ್ಲಿಗೂ, ಉದುರಿದ ಎಲೆಗೂ, ಗೆದ್ದಲು ಎರೆಹುಳುಗಳು ಕೊರೆದ ತೂತುಗಳಿಗೂ ಅಷ್ಟೇ ಕೆಲಸ.

ಕಾಡು ಕೆಟ್ಟರೆ ಮೊದಲು ಕೆಡುವುದು ಜಲಾಶಯದ ತಳ. ಮಳೆಯೊಡನೆ ಜಾರಿದ ಮಣ್ಣು ಹೂಳಾಗಿ ಅಲ್ಲಿ ಕೂಡುತ್ತದೆ. ಹೂಳು ತುಂಬಿದಷ್ಟು ನೀರಿಗೆ ಸ್ಥಳವಿಲ್ಲ. ಅಣೆಕಟ್ಟನ್ನು ಎತ್ತರಿಸುವುದು ಕಷ್ಟ, ಹೂಳೆತ್ತುವುದು ಅದಕ್ಕಿಂತ ಕಷ್ಟ. ನೀರು ಕದಡಿದಷ್ಟೂ ಶುದ್ಧೀಕರಣ ಕೇಂದ್ರದಲ್ಲಿ ಪಟಿಕ ಹೆಚ್ಚು ಬೇಕು, ಖರ್ಚೂ ಹೆಚ್ಚು. ಪೇಂಚಿನ ಕಾಡು ಬಹುಮಟ್ಟಿಗೆ ಸಾಗವಾನಿಯದು. ಬೇಸಗೆ ಸಮೀಪಿಸಿದಂತೆ ಅಗಲವಾದ ಎಲೆಗಳೆಲ್ಲ ಉದುರಿ ನೆಲದ ಮೇಲೆ ಒಣಗಿ ಬೀಳುತ್ತವೆ. ಅದೇ ಸಮಯಕ್ಕೆ ಮಹುವಾ ಹೂವು ಉದುರುತ್ತದೆ. ಒಣ ಎಲೆಗಳ ನಡುವೆ ಹೂವು ಆರಿಸುವುದು ಕಷ್ಟವೆಂದು ಮರದಡಿಯ ಎಲೆಗೆ ಬೆಂಕಿ ಇಡುವ ರೂಢಿ ಮಧ್ಯಭಾರತದಲ್ಲಿ ಹಿಂದಿನಿಂದಲೂ ಇದೆ. ಗಾಳಿ ಬೀಸಿದರೆ ಆ ಕಿಡಿಯು ಮರದಡಿಯಲ್ಲಿಯೇ ನಿಲ್ಲುವುದಿಲ್ಲ. ಬೆಂಕಿ ಹಬ್ಬಿದ ಇಳಿಜಾರು ಜೂನಿನ ಮೊದಲ ಮಳೆಗೆ ಬರಿಮೈಯಲ್ಲಿ ನಿಲ್ಲುತ್ತದೆ. ನಮ್ಮ ಪ್ರಯೋಗದ ಮೊದಲನೆಯ ತಟ್ಟೆಯಂತೆ! ಹೀಗಿರುವಾಗ ಛಿಂದವಾಡಾ ಅಥವಾ ಸಿವನಿಯ ಒಬ್ಬ ಅರಣ್ಯ ರಕ್ಷಕನು ಮಾರ್ಚಿಯಲ್ಲಿ ಹಸಿ ಕೊಂಬೆಯನ್ನು ಹಿಡಿದು ಬೆಂಕಿಯನ್ನು ಬಡಿದು ನಂದಿಸಿದರೆ, ಅದು ನಾಗಪುರದ ನೀರಿನ ಕೆಲಸವೂ ಹೌದು. ಆದರೆ ಅವನ ಸಂಬಳದ ಪತ್ರದಲ್ಲಾಗಲಿ ನಮ್ಮ ನೀರಿನ ಬಿಲ್ಲಿನಲ್ಲಾಗಲಿ ಆ ಮಾತು ಬರೆದಿರುವುದಿಲ್ಲ.

ಈಗ ಪಾಠದ ಮುಖ್ಯ ವಿಷಯಕ್ಕೆ ಬರೋಣ. ಈ ಒಂದು ಹರಿವಿನ ಮೇಲೆ ಎಷ್ಟು ಕೈಗಳಿವೆ ನೋಡಿರಿ. ಕಾಡು ಎರಡು ರಾಜ್ಯಗಳ ಅರಣ್ಯ ಇಲಾಖೆಗಳದು. ಅಣೆಕಟ್ಟು ಮತ್ತು ಕಾಲುವೆ ನೀರಾವರಿ ಇಲಾಖೆಯವು. ತೋತಲಾಡೋಹದಲ್ಲಿ 160 ಮೆಗಾವಾಟಿನ ವಿದ್ಯುದಾಗಾರವಿದೆ. ಅದರ ವಿದ್ಯುತ್ತಿನಲ್ಲಿ ಮೂರರಲ್ಲಿ ಎರಡು ಪಾಲು ಮಧ್ಯಪ್ರದೇಶಕ್ಕೆ, ಒಂದು ಪಾಲು ಮಹಾರಾಷ್ಟ್ರಕ್ಕೆ. ಕೆಳಗೆ ರಾಮಟೇಕ, ಮೌದಾ ಕಡೆಯ ಭತ್ತದ ಗದ್ದೆಗಳು ಪೇಂಚಿನ ಕಾಲುವೆಯನ್ನು ಕಾಯುತ್ತಿವೆ. ಕೊರಾಡಿಯ ಉಷ್ಣ ವಿದ್ಯುತ್ ಕೇಂದ್ರಕ್ಕೂ ಇದೇ ನೀರು. ಇವರೆಲ್ಲರೊಡನೆ ಮಹಾನಗರಪಾಲಿಕೆಯು ತನ್ನ ಪಾಲನ್ನು ನೀರಾವರಿ ಇಲಾಖೆಯಿಂದ ಕೊಂಡು ನಮಗೆ ಹಂಚಬೇಕು. ಹಂಚುವ ಆ ಕೆಲಸವನ್ನು ಅದು 2012ರಲ್ಲಿ ಒಂದು ಖಾಸಗಿ ಸಂಸ್ಥೆಗೆ ವಹಿಸಿತು. ಪ್ರತಿಯೊಂದು ಕಚೇರಿಗೂ ತನ್ನದೇ ಆದ ಕಾಯಿದೆ, ತನ್ನದೇ ಆದ ಲೆಕ್ಕದ ಪುಸ್ತಕ. ನದಿಗೆ ಮಾತ್ರ ಒಂದೇ ಪಾತ್ರ.

ಕೈಗಳು ಹೆಚ್ಚಾದಾಗ ಏನಾಗುತ್ತದೆಂಬುದಕ್ಕೆ ತೋತಲಾಡೋಹದ ಮೀನುಗಾರರ ಪ್ರಸಂಗವನ್ನು ಹೇಳುತ್ತೇನೆ. ರಾಷ್ಟ್ರೀಯ ಉದ್ಯಾನವಾದಾಗ ಕಾಡಿನ ಒಳಗಿನ ಹಳ್ಳಿಗಳ ಆದಿವಾಸಿಗಳು ತಮ್ಮ ನೆಲವನ್ನೂ ನದಿಯಲ್ಲಿ ಮೀನು ಹಿಡಿಯುವ ರೂಢಿಯನ್ನೂ ಕಳೆದುಕೊಂಡರು. ಅದಕ್ಕೆ ಬದಲಾಗಿ ಮಧ್ಯಪ್ರದೇಶ ಸರಕಾರವು ಅವರಲ್ಲಿ 305 ಕುಟುಂಬಗಳಿಗೆ ಜಲಾಶಯದಲ್ಲಿ ಮೀನು ಹಿಡಿಯುವ ಪರವಾನಿಗೆ ಕೊಟ್ಟಿತು. ಇದರಿಂದ ವನ್ಯಪ್ರಾಣಿಗಳಿಗೂ ಕಾಡಿಗೂ ಧಕ್ಕೆಯಾಗುವುದೆಂದು ಪರಿಸರ ರಕ್ಷಣೆಯ ಸಂಸ್ಥೆಯೊಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1997ರಲ್ಲಿ ತೀರ್ಪು ಬಂದಿತು. ನ್ಯಾಯಾಲಯವು ಪರವಾನಿಗೆಗಳನ್ನು ರದ್ದು ಮಾಡಲಿಲ್ಲ. ಕಾಡನ್ನು ಉಳಿಸುವುದೂ ಕಾಡನ್ನು ನಂಬಿದವರ ಜೀವನವನ್ನು ಉಳಿಸುವುದೂ ಎರಡನ್ನೂ ನೋಡಬೇಕೆಂದಿತು. ಪ್ರತಿಯೊಬ್ಬನಿಗೂ ಭಾವಚಿತ್ರವಿರುವ ಗುರುತಿನ ಚೀಟಿ ಇರಬೇಕು, ದಂಡೆಯ ಮೇಲೆ ಒಲೆ ಹೂಡಿ ಬೆಂಕಿ ಹಚ್ಚಬಾರದು, ಕಾಡಿನ ಬೇರೆ ಭಾಗಗಳಿಗೆ ಕಾಲಿಡಬಾರದು ಎಂಬಂಥ ನಿಬಂಧನೆಗಳನ್ನು ವಿಧಿಸಿತು. ಇಷ್ಟು ಸಣ್ಣ ವಿಷಯಗಳನ್ನು ದೇಶದ ಅತಿ ದೊಡ್ಡ ನ್ಯಾಯಾಲಯವು ಕುಳಿತು ಗೊತ್ತುಮಾಡಬೇಕಾಯಿತು! ಆ ಮಾತುಕತೆ ಜಲಾಶಯದ ದಂಡೆಯ ಮೇಲೆ, ಹಳ್ಳಿಯವರನ್ನು ಕೂಡಿಸಿಕೊಂಡು, ಮೊದಲೇ ನಡೆಯಬಹುದಾಗಿತ್ತು ಎಂದು ನನಗೆ ತೋರುತ್ತದೆ.

ನೀರನ್ನು ಹಂಚಿಕೊಳ್ಳುವ ವಿಷಯದಲ್ಲಿ ಎರಡೂ ರಾಜ್ಯಗಳು 1960ರ ದಶಕದಲ್ಲಿಯೇ ಒಪ್ಪಂದ ಮಾಡಿಕೊಂಡಿದ್ದುವು. ಬಳಿಕ 1969ರಲ್ಲಿ ನೇಮಿಸಲ್ಪಟ್ಟ ಗೋದಾವರಿ ಜಲವಿವಾದ ನ್ಯಾಯಮಂಡಲಿಯು 1980ರಲ್ಲಿ ತನ್ನ ಅಂತಿಮ ತೀರ್ಪನ್ನು ಕೊಟ್ಟಿತು. ತನಗೆ ಬಂದ ಪಾಲಿನ ನೀರನ್ನು ಬಳಸಲು ಮಧ್ಯಪ್ರದೇಶವು ಛಿಂದವಾಡಾ ಜಿಲ್ಲೆಯಲ್ಲಿ, ತೋತಲಾಡೋಹಕ್ಕಿಂತ ಮೇಲೆ, ಚೌರಾಯಿಯ ಬಳಿ ಪೇಂಚಿಗೆ ಇನ್ನೊಂದು ಅಣೆಕಟ್ಟನ್ನು ಕಟ್ಟಿತು. ಒಪ್ಪಂದದ ಪ್ರಕಾರ ಅದು ಅವರ ಹಕ್ಕು. ಅಲ್ಲಿಯ ಒಕ್ಕಲಿಗನ ಹೊಲಕ್ಕೂ ನೀರು ಬೇಕಷ್ಟೆ. ಆದರೆ ಮೇಲೆ ನೀರು ನಿಂತುದರಿಂದ ಕೆಳಗೆ ಬರುವ ನೀರು ಕಡಿಮೆಯಾಯಿತು. ಮಳೆ ಚೆನ್ನಾಗಿ ಬಂದ ವರ್ಷ ಇದು ಯಾರಿಗೂ ತಿಳಿಯಲಿಲ್ಲ. 2018ರಲ್ಲಿ ಮಳೆ ಸಾಲದಾಯಿತು, 2019ರ ಜೂನೂ ಒಣಗಿಯೇ ಹೋಯಿತು, ತೋತಲಾಡೋಹ ತಳಮುಟ್ಟಿತು. ಜುಲೈಯಲ್ಲಿ, ಮಳೆಗಾಲದ ನಡುವೆಯೇ, ನಾಗಪುರದಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಪ್ರಸಂಗ ಬಂದಿತು. ಆಗ ಕೊಡಗಳ ಸಾಲು, ಟ್ಯಾಂಕರಿನ ಹಿಂದೆ ಓಡುವ ತಾಯಂದಿರು, ಎಲ್ಲವನ್ನೂ ನಗರವು ಕಂಡಿತು. ಮಳೆಗಾಲ ಮುಗಿಯುವುದರೊಳಗೆ ಜಲಾಶಯಕ್ಕೆ ನೀರು ಬಂದಿತು, ಮಾತೂ ಮರೆತುಹೋಯಿತು.

ಅಂದು ಎಲ್ಲರೂ ಕೇಳಿದ ಪ್ರಶ್ನೆ, 'ನಮ್ಮ ಪಾಲು ಎಷ್ಟು?' ಎಂಬುದು. ಒಪ್ಪಂದಗಳಲ್ಲೆಲ್ಲ ಇರುವುದೂ ಅದೇ ಪ್ರಶ್ನೆ. ನೀರು ಹುಟ್ಟುವ ಬೆಟ್ಟವನ್ನು ನೋಡಿಕೊಳ್ಳುವ ಹೊರೆಯಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಕೇಳಿದವರು ಕಡಿಮೆ. ಹುಲಿಯನ್ನು ನೋಡಲು ಬಂದವನು ಕಾಡಿನ ಬಾಗಿಲಲ್ಲಿ ಶುಲ್ಕ ಕೊಟ್ಟು ಒಳಗೆ ಹೋಗುತ್ತಾನೆ. ಅದೇ ಕಾಡಿನ ನೀರನ್ನು ದಿನಾಲು ಕುಡಿಯುವವನ ಬಿಲ್ಲಿನಲ್ಲಿ ಕಾಡಿನ ಹೆಸರೇ ಇಲ್ಲ. ನಮ್ಮ ಊರಿನ ನೀರಿನ ವ್ಯವಸ್ಥೆಯಲ್ಲಿ ಕೊಳವೆಯ ಸೋರಿಕೆಗಿಂತಲೂ ದೊಡ್ಡ ಕೊರತೆ ಇದೆಂದು ನಾನು ತಿಳಿದಿದ್ದೇನೆ.

ಇದು ಆಗದ ಮಾತೇನೂ ಅಲ್ಲ. ಚಂಡೀಗಡದಲ್ಲಿ 1958ರಲ್ಲಿ ಸುಖನಾ ಎಂಬ ಸರೋವರವನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಹೂಳಿನಿಂದ ತುಂಬತೊಡಗಿತು. ಹೂಳು ಎಲ್ಲಿಂದ ಬರುತ್ತದೆಂದು ಮೇಲಕ್ಕೆ ಹೋಗಿ ನೋಡಿದಾಗ, ಶಿವಾಲಿಕ ಬೆಟ್ಟದ ಬುಡದ ಸುಖೋಮಾಜ್ರಿ ಎಂಬ ಬಡ ಹಳ್ಳಿಯ ಸುತ್ತಲಿನ ಬೋಳುಗುಡ್ಡಗಳು ಕಂಡುವು. ಹಳ್ಳಿಯವರಿಗೆ ನೀರಾವರಿಯಿಲ್ಲ, ಆದುದರಿಂದ ಆಡು ಸಾಕುತ್ತಿದ್ದರು. ಆಡುಗಳು ಗುಡ್ಡವನ್ನು ಮೇಯುತ್ತಿದ್ದುವು. ಮಣ್ಣು ಸರೋವರಕ್ಕೆ ಇಳಿಯುತ್ತಿತ್ತು. ಆಡುಗಳನ್ನು ಕಟ್ಟಿಹಾಕಿರೆಂದು ಆಜ್ಞೆ ಮಾಡಿದ್ದರೆ ಅವರು ಕೇಳುತ್ತಿರಲಿಲ್ಲ, ಕೇಳಬೇಕಾದ ಕಾರಣವೂ ಇರಲಿಲ್ಲ. ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರ ಸಂಶೋಧನ ಸಂಸ್ಥೆಯ ಪಿ. ಆರ್. ಮಿಶ್ರಾ ಅವರು 1970ರ ದಶಕದಲ್ಲಿ ಹಳ್ಳಿಯವರೊಡನೆ ಕುಳಿತು ಬೇರೆ ಉಪಾಯ ಮಾಡಿದರು. ಗುಡ್ಡದ ಓಣಿಗಳಿಗೆ ಮಣ್ಣಿನ ಒಡ್ಡು ಹಾಕಿ ಮಳೆಯ ನೀರನ್ನು ಹಳ್ಳಿಯ ಹೊಲಗಳಿಗೇ ಕೊಡಲಾಯಿತು. ಹೊಲವಿಲ್ಲದ ಮನೆಗೂ ನೀರಿನಲ್ಲಿ ಪಾಲು. ಗುಡ್ಡದ ಹುಲ್ಲನ್ನು ಕೊಯ್ಯುವ ಗುತ್ತಿಗೆಯೂ ಅರಣ್ಯ ಇಲಾಖೆಯಿಂದ ಹಳ್ಳಿಯ ಸಂಘಕ್ಕೇ ಬಂದಿತು. ಪ್ರತಿಯಾಗಿ ಹಳ್ಳಿಯವರು ಗುಡ್ಡಕ್ಕೆ ದನಕರು ಬಿಡುವುದನ್ನು ತಾವಾಗಿಯೇ ನಿಲ್ಲಿಸಿದರು; ಬೇಲಿಯೇ ಬೇಕಾಗಲಿಲ್ಲ. ಆಡುಗಳು ಕಡಿಮೆಯಾಗಿ ಎಮ್ಮೆಗಳು ಬಂದುವು. ಮುಂದೆ ಹುಲ್ಲಿನ ಆದಾಯದಲ್ಲಿ ಇಲಾಖೆಗೆಷ್ಟು, ಸಂಘಕ್ಕೆಷ್ಟು ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಹುಟ್ಟಿದುದೂ ನಿಜ. ಮಾಡಿದ ಮಾತನ್ನು ವರ್ಷ ವರ್ಷವೂ ನಡೆಸಿಕೊಂಡು ಹೋಗುವುದು ಮಾತು ಮಾಡುವುದಕ್ಕಿಂತ ಕಠಿಣ.

ಹಿಮಾಚಲ ಪ್ರದೇಶದ ಪಾಲಂಪುರವು ಇದಕ್ಕಿಂತಲೂ ನೇರವಾದ ಉದಾಹರಣೆ. ಆ ಊರಿಗೆ ಬೋಹಲ್ ಎಂಬ ಬೆಟ್ಟದ ಸೆಲೆಯಿಂದ ನೀರು ಬರುತ್ತದೆ. ಸೆಲೆಯ ಮೇಲಿನ ಕಾಡನ್ನು ಕಾಯುವುದಕ್ಕಾಗಿ ಪುರಸಭೆಯು ಅಲ್ಲಿಯ ಹಳ್ಳಿಗರ ಅರಣ್ಯ ಸಂಘಕ್ಕೆ ವರ್ಷಕ್ಕೆ 10,000 ರೂಪಾಯಿ ಕೊಡುವುದೆಂದು 2010ರಲ್ಲಿ ಕರಾರಾಯಿತು. ಮೊತ್ತ ಚಿಕ್ಕದೇ. ಆದರೆ ಕುಡಿಯುವವನು ಕಾಯುವವನಿಗೆ ಋಣಿಯೆಂಬುದು ಕಾಗದದ ಮೇಲೆ ಬಂದಿತು. ಅಮೇರಿಕೆಯ ನ್ಯೂಯಾರ್ಕ್ ನಗರವು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತು. ನೀರನ್ನು ಸೋಸುವ ಬಹು ವೆಚ್ಚದ ಕಾರಖಾನೆಯನ್ನು ಕಟ್ಟುವ ಬದಲು, 1997ರಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ಊರುಗಳೊಡನೆ ಒಡಂಬಡಿಕೆ ಮಾಡಿಕೊಂಡು, ಅಲ್ಲಿಯ ಕಾಡು, ಹೊಲ, ಚರಂಡಿಗಳ ಸುಧಾರಣೆಗೆ ಹಣ ಹಾಕಿತು.

ಇದಕ್ಕೆ ವಿರುದ್ಧವಾದ ನಿದರ್ಶನವನ್ನು ನಮ್ಮ ಕನ್ನಡನಾಡಿನಿಂದಲೇ ಕೊಡಬೇಕಾಗಿರುವುದು ವಿಷಾದಕರ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು 19ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದ ಕೆರೆಯ ಮೂಲಕ ಬೆಂಗಳೂರಿಗೆ ಕೊಳಾಯಿಯ ನೀರನ್ನು ಕೊಟ್ಟಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಆಯಿತು. ಮೇಲಿನ ನೆಲದಲ್ಲಿ ಕೊಳವೆ ಬಾವಿಗಳೂ ನೀಲಗಿರಿಯ ತೋಪುಗಳೂ ಕಟ್ಟಡಗಳೂ ಹೆಚ್ಚುತ್ತ ಹೋದುವು. ಆ ನೆಲ ಹತ್ತು ಕಚೇರಿಗಳದಾಗಿ ಯಾರದೂ ಆಗಲಿಲ್ಲ. ನದಿ ಸೊರಗಿತು. ಹಾಗಾಗಿ 1974ರಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು, ಸುಮಾರು 500 ಮೀಟರಿನಷ್ಟು ಮೇಲಕ್ಕೆ ಎತ್ತಿ ತರಿಸಿಕೊಳ್ಳುತ್ತಿದೆ. ನಾಗಪುರವೂ ಅಂಬಾಝರಿಯನ್ನು ಬಿಟ್ಟು ಪೇಂಚಿಗೆ ಹೋಯಿತಲ್ಲವೆ? ಪೇಂಚಿನ ಆಚೆ ಹೋಗಲು ನಮಗೆ ಕಾವೇರಿಯಿಲ್ಲ.

ಇಲ್ಲಿ ಬೇಕಾದುದು ಹೊಸ ಅಣೆಕಟ್ಟಲ್ಲ, ಒಂದು ಮೇಜು. ಎರಡೂ ರಾಜ್ಯಗಳ ಅರಣ್ಯಾಧಿಕಾರಿಗಳು, ಎರಡೂ ಅಣೆಕಟ್ಟುಗಳ ಎಂಜಿನಿಯರರು, ಮಹಾನಗರಪಾಲಿಕೆಯವರು, ಕಾಡಂಚಿನ ಹಳ್ಳಿಗಳ ಪಂಚರು ವರ್ಷಕ್ಕೆರಡು ಬಾರಿಯಾದರೂ, ಬೆಂಕಿಯ ಕಾಲಕ್ಕೆ ಮೊದಲು ಒಮ್ಮೆ, ಮಳೆಗೆ ಮೊದಲು ಒಮ್ಮೆ, ಅದರ ಸುತ್ತ ಕೂಡಬೇಕು. ಚೌರಾಯಿಯಲ್ಲಿ ಎಷ್ಟು ನೀರಿದೆ, ತೋತಲಾಡೋಹದಲ್ಲಿ ಹೂಳು ಎಷ್ಟು ಏರಿದೆ, ಯಾವ ಗುಡ್ಡ ಬೋಳಾಗಿದೆ ಎಂಬ ಲೆಕ್ಕವು ಎಲ್ಲರ ಮುಂದೆಯೂ ಒಂದೇ ಕಾಗದದಲ್ಲಿ ಇರಬೇಕು. ಮಹುವಾ ಆರಿಸುವವರಿಗೆ ಮರದಡಿಯಲ್ಲಿ ಹಾಸುವ ಬಲೆಯನ್ನು ಕೊಟ್ಟರೆ ಬೆಂಕಿಯ ಅವಶ್ಯಕತೆಯೇ ಉಳಿಯುವುದಿಲ್ಲ. ಅದರ ಖರ್ಚಿನಲ್ಲಿ ನೀರು ಕುಡಿಯುವ ನಗರವು ಪಾಲು ತೆಗೆದುಕೊಂಡರೆ ಅದು ದಾನವೆನಿಸದು.

ಈ ಪಾಠಕ್ಕೆ ಸಂಬಂಧಿಸಿದ ಅಭ್ಯಾಸ ಹೀಗಿದೆ. ಮನೆಯ ನೀರಿನ ಬಿಲ್ಲನ್ನು ತಂದೆಯವರಿಂದ ಕೇಳಿ ಪಡೆದು, ಯಾವ ಯಾವ ಬಾಬಿಗೆ ಹಣ ಕೊಡುತ್ತೇವೆಂಬುದನ್ನು ನಿಮ್ಮ ವಹಿಯಲ್ಲಿ ಬರೆದುಕೊಳ್ಳಿರಿ. ತಟ್ಟೆಗಳ ಪ್ರಯೋಗವನ್ನು ನಾಲ್ಕು ನಾಲ್ಕು ಜನ ಸೇರಿ ಮಾಡಿ, ಎರಡು ಲೋಟಗಳ ತಳದಲ್ಲಿ ಕೂತ ಮಣ್ಣನ್ನು ಅಳೆಯಿರಿ. ಕೊನೆಯದಾಗಿ ಭೂಪಟದಲ್ಲಿ ಎರಡು ಗೆರೆಗಳನ್ನು ಎಳೆಯಿರಿ. ಮೊದಲನೆಯದು ಛಿಂದವಾಡಾದಿಂದ ಪೇಂಚ್, ಕನ್ಹಾನ್, ವೈನಗಂಗಾ, ಪ್ರಾಣಹಿತಾಗಳ ಗುಂಟ ಗೋದಾವರಿಯವರೆಗೆ. ಎರಡನೆಯದು ನಮ್ಮ ಬೀದರ ಜಿಲ್ಲೆಯನ್ನು ಹಾಯ್ದು ಹೋಗುವ ಮಾಂಜ್ರಾ ನದಿಯ ಗುಂಟ ಅದೇ ಗೋದಾವರಿಯವರೆಗೆ. ಪ್ರತಿಯೊಂದು ಗೆರೆಯೂ ಎಷ್ಟು ರಾಜ್ಯಗಳ ಎಲ್ಲೆಯನ್ನು ದಾಟುತ್ತದೆ, ದಾರಿಯಲ್ಲಿ ಎಷ್ಟು ಅಣೆಕಟ್ಟುಗಳಿವೆ ಎಂಬುದನ್ನು ಎಣಿಸಿ, ಮಳೆಗಾಲದ ಮೊದಲನೆಯ ವಾರದಲ್ಲಿ ಬರೆದು ತನ್ನಿರಿ.